ಕಾಂಕ್ರೀಟಿಗೆ ಜ್ವರ ನೋಡುತ್ತಿದ್ದ ಮೇಸ್ತ್ರಿ

ಮೇಸ್ತ್ರಿಯವರ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ನಲವತ್ತು ವರ್ಷದ ಸಿಮೆಂಟು ಅವನ್ನು ತಿಂದುಹಾಕಿತ್ತು. ಹಾಜರಿ ಯಂತ್ರ ದಿನಾ ಬೆಳಿಗ್ಗೆ ಅವರ ಹೆಬ್ಬೆರಳನ್ನು ಒಪ್ಪದೆ ಕೂಗಿಕೊಳ್ಳುತ್ತಿತ್ತು. ಅವರು ಅದಕ್ಕೊಂದು ನಮಸ್ಕಾರ ಹಾಕಿ ಒಳಗೆ ಹೋಗಿಬಿಡುತ್ತಿದ್ದರು.

ಓಮಲೂರಿನ ಹತ್ತಿರ ಮದುವೆ ಮಂಟಪ ಕಟ್ಟುತ್ತಿದ್ದೆವು. ಎಂಜಿನಿಯರಾಗಿ ನನಗದು ಮೊದಲ ಕೆಲಸ. ನಾನು ಸೇಲಂನ ನೇಕಾರರ ಮನೆಯವಳು. ಮೇಸ್ತ್ರಿ ಕಂಬೈನಲ್ಲೂರಿನ ಕಡೆಯ ಕುರಿ ಸಾಕುವ ಮನೆಯವರು. ಇಬ್ಬರದೂ ಮನೆಮಾತು ಕನ್ನಡ, ಆದರೆ ಸೈಟಿನಲ್ಲಿ ಎಲ್ಲರದೂ ತಮಿಳು. ಫೋನಿನಲ್ಲಿ ಅಮ್ಮನ ಜೊತೆ ನಾನಾಡಿದ ಮಾತು ಕಿವಿಗೆ ಬಿದ್ದ ದಿನದಿಂದ ಅವರು ನನ್ನೊಡನೆ ಕನ್ನಡಕ್ಕೆ ಇಳಿದರು. ನಾನು ‘ಮೇಡಂ’ ಹೋಗಿ ‘ಅಮ್ಮಣಿ’ ಆದೆ.

ಕಾಂಕ್ರೀಟು ಸುರಿಯುವಾಗ ಅದರಲ್ಲೊಂದು ಸಣ್ಣ ಕೊಳವೆ ಹುದುಗಿಸಿಡುವುದು ಅವರ ರೂಢಿ. ದಿನಕ್ಕೆ ಮೂರು ಸಲ ಅದರೊಳಗೆ ಥರ್ಮಾಮೀಟರು ಇಳಿಸುತ್ತಿದ್ದರು. ಕೇಳಿದರೆ, ಜ್ವರ ನೋಡುತ್ತಿದ್ದೇನೆ ಅನ್ನುವರು. ಹಿಂದೆ ಯಾವುದೋ ಸೇತುವೆ ಕೆಲಸದಲ್ಲಿ ಕಲಿತದ್ದಂತೆ. ಎಷ್ಟು ಬಿಸಿ, ಎಷ್ಟು ಗಂಟೆ ಎಂದು ಗುಣಿಸಿ ಕೂಡಿಸುತ್ತ ಹೋದರೆ ಕಾಂಕ್ರೀಟು ಎಷ್ಟು ಗಟ್ಟಿಯಾಗಿದೆ ಎಂಬ ಅಂದಾಜು ಸಿಗುತ್ತದೆ. ಕಾಲೇಜಿನಲ್ಲಿ ನಾನು ಓದಿ ಮರೆತದ್ದನ್ನು ಅವರು ನೋಟ್‌ಬುಕ್ಕಿನಲ್ಲಿ ತಮಿಳಲ್ಲಿ ಬರೆದಿಡುತ್ತಿದ್ದರು.

ಅದು ಮಾರ್ಗಳಿ ತಿಂಗಳ ಚಳಿ. ಪೊಂಗಲ್ ಮುಗಿದ ಕೂಡಲೇ ಮಂಟಪದಲ್ಲಿ ಮೊದಲ ಮದುವೆ ಗೊತ್ತಾಗಿತ್ತು. ಸ್ಲ್ಯಾಬಿನ ಕೆಳಗಿನ ಆಧಾರಗಳನ್ನು ಬೇಗ ಬಿಚ್ಚಿಸಬೇಕೆಂದು ಕಂಟ್ರಾಕ್ಟರಿಗೆ ಅವಸರ. ಅದೇ ಕಾಂಕ್ರೀಟಿನಲ್ಲಿ ಎರೆದು ಪರೀಕ್ಷೆಗೆ ಕಳಿಸಿದ್ದ ಕ್ಯೂಬುಗಳು ಪಾಸಾಗಿದ್ದವು. ಬಿಚ್ಚಲು ಒಪ್ಪಿಗೆಯ ಸಹಿಗೆ ನಾನು ಪೆನ್ನು ತೆಗೆದಾಗ ಮೇಸ್ತ್ರಿ ಬಂದು ಮೇಜಿನ ಮುಂದೆ ನಿಂತರು.

“ಅಮ್ಮಣಿ, ಕ್ಯೂಬು ರೂಮೊಳ್ಗೆ ಬೆಚ್ಚಗಿನ ತೊಟ್ಟೀಲಿ ಬೆಳದೈತೆ. ಸ್ಲ್ಯಾಬು ಚಳಿಗಾಳೀಲಿ ಬಿದ್ದೈತೆ. ಎರಡೂ ಒಂದೇ ಅಂತ ಎಂಗೆ ಸೈನಾಕ್ತೀಯ? ಇನ್ನೊಂದ್ ವಾರ ತಡಿ. ಅವಸರ ವೇಂಡಾ.”

ಕೂತು ಅವರ ನೋಟ್‌ಬುಕ್ಕಿನ ಅಂಕಿಗಳನ್ನು ನಾನೇ ಕೂಡಿದೆ. ಬೇಕಾದಷ್ಟು ಶಾಖ ಸ್ಲ್ಯಾಬಿಗೆ ಸಿಕ್ಕಿರಲಿಲ್ಲ. ಆಗುವುದಿಲ್ಲ ಎಂದೆ. ಕಂಟ್ರಾಕ್ಟರು ನನ್ನ ಮೇಲೆ ರೇಗಾಡಿದರು.

ಮರುದಿನ ಕಂಟ್ರಾಕ್ಟರು ನನ್ನನ್ನು ಕೇಳದೆಯೇ ಮುಂಬಾಗಿಲ ಚಾವಣಿಯ ಆಧಾರಗಳನ್ನು ಬಿಚ್ಚಿಸಿದರು. ಅದೂ ಸ್ಲ್ಯಾಬಿನ ಜೊತೆಗೇ ಸುರಿದದ್ದು. ಮೇಸ್ತ್ರಿ ಜಗಳಕ್ಕೆ ನಿಲ್ಲಲಿಲ್ಲ. ಅದರ ನೆರಳಲ್ಲಿ ಊಟಕ್ಕೆ ಕೂತಿದ್ದ ಹೆಂಗಸರನ್ನು ಡಬ್ಬಿಗಳ ಸಮೇತ ಎಬ್ಬಿಸಿ ಬೇವಿನ ಮರದಡಿಗೆ ಕಳಿಸಿದರು. ಆ ಹೆಂಗಸರು ಇನ್ನೂ ಕೈತೊಳೆದಿರಲಿಲ್ಲ, ಚಾವಣಿಯ ಅಂಚು ಬಿರುಕುಬಿಟ್ಟು ಕೆಳಗೆ ಜೋತುಬಿತ್ತು. ಉಳಿದ ಆಧಾರಗಳನ್ನು ಮೇಸ್ತ್ರಿ ಸರಿ ಅನ್ನುವವರೆಗೆ ಯಾರೂ ಮುಟ್ಟಲಿಲ್ಲ.

ಹೋದ ಆಡಿ ತಿಂಗಳಲ್ಲಿ ಅವರು ತೀರಿಕೊಂಡರು. ಸುದ್ದಿ ತಿಳಿದು ಅವರ ಊರಿಗೆ ಹೋದೆ. ಅವರ ಹೆಂಡತಿ ನನ್ನ ಮುಖವನ್ನೇ ನೋಡಿ ಕೇಳಿದರು:

“ಯಾರೇಳಿದ್ರೂ ಸೈನಾಕ್ದೆ ಅಷ್ಟು ಎಂಗಸ್ರನ್ನ ಉಳಿಸಿದ ಎಂಜಿನೀರಮ್ಮ ನೀನೇನಾ? ನಮ್ಮೋರು ಊರೆಲ್ಲಾ ಏಳ್ಕಂಡು ತಿರುಗ್ತಿದ್ರು.”

ನಾನಲ್ಲ, ಅವರು ಎಂದೆ. ನಡೆದದ್ದನ್ನೆಲ್ಲ ಹೇಳಿದೆ. ಆಕೆ ಆಶ್ಚರ್ಯದಿಂದ ಕೇಳುತ್ತ ಕೂತರು. ಸಹಿ ಹಾಕಲು ಹೊರಟಿದ್ದವಳೇ ನಾನು ಎಂಬುದನ್ನು ಮೇಸ್ತ್ರಿ ಮನೆಯಲ್ಲಿ ಒಬ್ಬರಿಗೂ ಹೇಳಿರಲಿಲ್ಲ.