ಅಕ್ಕಿ ಡಬ್ಬಿಯ ರಿಮೋಟು, ಕಿಟಕಿಯ ಟೊಮೆಟೊ

ಅರಬ್ ಮರಳುಗಾಡಿನ ರುವೈಸಿನಲ್ಲಿ ಗಂಡನ ಕಂಪನಿ ಕ್ವಾರ್ಟರ್ಸಿಗೆ ಬಂದ ಮೊದಲ ವರ್ಷ, ಎಸಿ ಇಲ್ಲದೆ ಕೂರುವಷ್ಟು ತಂಪಾಗಲಿ ಎಂದು ಡಿಸೆಂಬರ್‌ವರೆಗೆ ಕಾದು ಟೊಮೆಟೊ ಬೀಜ ಹಾಕಿದೆ. ಊರಲ್ಲಿ ಮಳೆ ಹಿಡಿದ ಮೇಲೆ ತರಕಾರಿ ಬೀಜ ಹಾಕಿ ಅಭ್ಯಾಸ. ಇಲ್ಲಿ ಚಳಿ ಹಿಡಿದ ಮೇಲೆ ಹಾಕಿದರಾಯಿತು ಎಂದುಕೊಂಡಿದ್ದೆ. ಗಿಡ ಹೂಬಿಡುವಷ್ಟರಲ್ಲಿ ಬಿಸಿಗಾಳಿ ಎದ್ದು ಹೂವೆಲ್ಲ ಉದುರಿಹೋಯಿತು.

ಮರುವರ್ಷ ಆಗಸ್ಟ್ ಕೊನೆಗೇ ಬೀಜ ಹಾಕಿ, ಕುಂಡಗಳನ್ನು ಮಲಗುವ ಕೋಣೆಯ ಕಿಟಕಿಯಲ್ಲಿಟ್ಟೆ. ಹೊರಗಿಟ್ಟರೆ ಸುಟ್ಟುಹೋಗುತ್ತಿದ್ದವು. ಆದರೆ ಒಳಗೆ ಗಂಡ ಇದ್ದರು. ರಿಫೈನರಿಯ ಬಿಸಿಲಲ್ಲಿ ಬೆಂದು ಬಂದವರೇ ಎಸಿಯನ್ನು ಹದಿನೆಂಟಕ್ಕಿಳಿಸುತ್ತಿದ್ದರು. ಆ ಚಳಿಗೆ ಸಸಿಗಳು ಮೊಳೆತಲ್ಲೇ ನಿಂತವು. ನಾನು ಇಪ್ಪತ್ತಾರಕ್ಕೆ ಏರಿಸಿ, ರಿಮೋಟನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ.

“ಎಸಿ ಇರೂದು ನನಗಾ, ನಿನ್ನ ಗಿಡಕ್ಕಾ ಮಾರಾಯ್ತಿ?” ಎಂದು ಅವರು ಸಿಡಿದರು.

“ಇಲ್ಲಿ ಚಳಿ ಇರೂದೇ ನಾಲ್ಕು ದಿನ. ಗಿಡ ಈಗ ಏಳದಿದ್ರೆ ಕಾಯಿ ಆಗೂದು ಯಾವಾಗ?”

“ಖಲಾಸ್. ನೀನು ಗಿಡದ ಒಟ್ಟಿಗೇ ಇರು.”

ಅವರು ದಿಂಬು ಎತ್ತಿಕೊಂಡು ಹಾಲಿಗೆ ಹೋದರು. ಸಸಿಗಳನ್ನು ಬಾಲ್ಕನಿಗೆ ಸಾಗಿಸುವವರೆಗೂ ನಮ್ಮಲ್ಲಿ ಸರಿಯಾದ ಮಾತಿರಲಿಲ್ಲ.

ಜನವರಿಯಲ್ಲಿ ಮೊದಲ ಹಣ್ಣು ಕೆಂಪಾಯಿತು. ಕೊಯ್ದು ತಟ್ಟೆಯಲ್ಲಿ ಅವರ ಮುಂದಿಟ್ಟೆ. ಕಚ್ಚಿ, ತುಂಬ ಹೊತ್ತು ಜಗಿದು, “ಹುಳಿ ಸಾಲ್ದು” ಎಂದರು. ನನಗೆ ಮೈಯೆಲ್ಲ ಉರಿಯಿತು.

ಮುಂದಿನ ಆಗಸ್ಟಿನಲ್ಲಿ ಕುಂಡಗಳನ್ನು ಕಿಟಕಿಗಿಟ್ಟ ದಿನ, ಜಗಳಕ್ಕೆ ಸಿದ್ಧಳಾಗಿಯೇ ರಿಮೋಟು ಹುಡುಕಿದೆ. ಎಸಿ ಆಗಲೇ ಇಪ್ಪತ್ತಾರರಲ್ಲಿತ್ತು. ರಿಮೋಟು ಅಕ್ಕಿ ಡಬ್ಬಿಯಲ್ಲಿತ್ತು. ಈ ಸಲ ಹೂತಿಟ್ಟವಳು ನಾನಲ್ಲ.