ಅಮ್ಮ ಕಟ್ಟದ ಮಲ್ಲಿಗೆ

ಸೆಲಿನ್ ಬಾಯಮ್ಮ, ನೀವು ಕಟ್ಟಿದ ಮಲ್ಲಿಗೆಯನ್ನು ನಾನು ಐದು ವರ್ಷ ‘ನನ್ನ ಅಮ್ಮ ಕಟ್ಟಿದ್ದು’ ಎಂದು ಹೇಳಿ ಕೊಟ್ಟಿದ್ದೇನೆ. ಆ ಸುಳ್ಳನ್ನು ಉಳಿಸಿಕೊಳ್ಳಲು ನಿಮಗೆ ಬರಬೇಕಾಗಿದ್ದ ಕೆಲಸವನ್ನೂ ತಪ್ಪಿಸಿದ್ದೇನೆ. ನೀವು ಗಿಡ ಬಿಟ್ಟು ಕುವೈತಿಗೆ ಹೋದದ್ದು ಹಣೆಬರಹದಿಂದಲ್ಲ — ನನ್ನಿಂದ.

ನಿಮಗೆ ಗೊತ್ತಿದ್ದದ್ದು ಅರ್ಧ ಮಾತ್ರ. ಉದ್ಯಾವರದಿಂದ ಸ್ಕೂಟರಿನಲ್ಲಿ ಕಾಪು ಕಡೆಯ ನಿಮ್ಮ ಅಂಗಳಕ್ಕೆ ಬಂದು ಬಾಳೆಲೆಯಲ್ಲಿ ಸುತ್ತಿದ ಹೂವಿನ ಕಟ್ಟು ಒಯ್ಯುತ್ತಿದ್ದವಳು ನಾನು. ಪರ್ಕಳದಲ್ಲಿ ಹೊಟೇಲು, ಆಸ್ಪತ್ರೆಗಳಿಗೆ ಸಮವಸ್ತ್ರ ಹೊಲಿದು ಕೊಡುವ ಕಂಪನಿಯಲ್ಲಿ ಗ್ರಾಹಕರನ್ನು ನೋಡಿಕೊಳ್ಳುವುದು ನನ್ನ ಕೆಲಸ. ನೋಡಿಕೊಳ್ಳುವುದೆಂದರೆ — ಹೊಸ ವರ್ಷಕ್ಕೆ, ದೀಪಾವಳಿಗೆ ಹೂ ಕೊಟ್ಟು ಹಲ್ಲು ಕಿರಿಯುವುದು. ಮೊದಲು ಮಣಿಪಾಲದಿಂದ ಪ್ಲಾಸ್ಟಿಕ್ ಸುತ್ತಿದ ಬೊಕೆ ತರಿಸುತ್ತಿದ್ದೆವು. ಕಾರ್ಕಳದಲ್ಲಿ ಹೊಟೇಲು ನಡೆಸುವ ಜಲಜಕ್ಕ ಅದನ್ನು ಎರಡೇ ಬೆರಳಲ್ಲಿ ಹಿಡಿದು ಕೇಳಿದರು.

“ಇದನ್ನು ಎಂತ ಮಾಡುವುದು ಮಾರಾಯ್ತಿ? ಮುಡಿಯಲಿಕ್ಕೂ ಇಲ್ಲ, ದೇವರಿಗೆ ಇಡಲಿಕ್ಕೂ ಇಲ್ಲ.”

ಮುಂದಿನ ಸಲ ನಿಮ್ಮ ಮಲ್ಲಿಗೆ ಒಯ್ದೆ. ನಾರಿನಲ್ಲಿ ಕಟ್ಟಿ ಸುತ್ತಿದ ನಾಲ್ಕು ಚೆಂಡು ಸೇರಿದ ಒಂದು ಅಟ್ಟೆ.

ನಿಮ್ಮ ಕೈಯನ್ನು ನೋಡುತ್ತಾ ನಾನು ಎಷ್ಟು ಸಲ ಆಫೀಸಿಗೆ ತಡ ಮಾಡಿಕೊಂಡಿದ್ದೇನೆ! ಬಿಸಿಲು ಏರುವ ಮೊದಲೇ ಮೊಗ್ಗು ಬಿಡಿಸಿ ಮುಗಿದಿರುತ್ತಿತ್ತು. ನೆನೆಸಿದ ಬಾಳೆನಾರನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು, ಪಕ್ಕದ ಮನೆಯವರೊಡನೆ ಕೊಂಕಣಿಯಲ್ಲಿ ಜಗಳವಾಡುತ್ತಲೇ ನೀವು ಕಟ್ಟುತ್ತಿದ್ದಿರಿ. ಕಣ್ಣು ಅತ್ತ, ಬೆರಳು ಇತ್ತ — ಒಂದು ತೊಟ್ಟೂ ಹೆಚ್ಚುಕಮ್ಮಿ ಇಲ್ಲ. ನಿನ್ನೆಯ ಮೊಗ್ಗು ಸ್ವಲ್ಪ ಉಳಿದಿದ್ದ ದಿನ, ಅದನ್ನೂ ಸೇರಿಸಿ ಬೇಗ ಮುಗಿಸಿ ಎಂದು ನಾನೇ ಹೇಳಿದ್ದೆ. ನೀವು ತಲೆ ಎತ್ತದೆ ಅಂದಿರಿ: “ಮುಡಿಯುವವರಿಗೆ ಗೊತ್ತಾಗ್ಲಿಕ್ಕಿಲ್ಲ. ಕಟ್ಟಿದವರಿಗೆ ಗೊತ್ತುಂಟಲ್ಲ?”

ಅಂಥ ಹೂವನ್ನು ಜಲಜಕ್ಕ ಕಣ್ಣಿಗೆ ಒತ್ತಿಕೊಂಡರು. ಯಾರು ಕಟ್ಟಿದ್ದು ಎಂದು ಕೇಳಿದರು. “ನನ್ನ ಅಮ್ಮ” ಎಂದೆ.

ಯಾಕೆ ಹಾಗೆಂದೆ ಎಂದರೆ — ಕೊಂಡು ತಂದ ಹೂವು ಕಂಪನಿಯದ್ದು, ಮನೆಯಲ್ಲಿ ಕಟ್ಟಿದ ಹೂವು ಸಂಬಂಧದ್ದು. ಇಷ್ಟು ನನಗೆ ಗೊತ್ತಿತ್ತು. ಆ ದಿನದಿಂದ ನಾನು ಅವರ ಹೊಟೇಲಿನ ಅಡುಗೆಮನೆಯವರೆಗೂ ಹೋಗುವವಳಾದೆ. ಸಮವಸ್ತ್ರದ ಆರ್ಡರು ವರ್ಷ ವರ್ಷ ಕೇಳದೆಯೇ ಬಂತು, ಆಫೀಸಿನಲ್ಲಿ ನನ್ನನ್ನು ಹೊಗಳಿದರು. ಹೂವಿನೊಂದಿಗೆ ನಾರೂ ಸ್ವರ್ಗ ಸೇರಿತಂತೆ. ನಾರಿಗೆ ಕನಿಷ್ಠ ಹೂವನ್ನು ಹಿಡಿದುಕೊಂಡ ಪುಣ್ಯವಾದರೂ ಉಂಟು, ನನಗೆ ಅದೂ ಇಲ್ಲ.

ಐದನೆಯ ವರ್ಷ ಜಲಜಕ್ಕ ಮದುವೆ ಹಾಲ್ ಕಟ್ಟಿಸಿದರು. ಬರುವ ಹೆಂಗಸರಿಗೆಲ್ಲ ಮಲ್ಲಿಗೆ ಕೊಡಬೇಕು, ಹೊಟೇಲಿನ ದೇವರಿಗೂ ದಿನವೂ ಬೇಕು, ಬೇರೆ ಯಾರ ಕೈಯದ್ದೂ ಬೇಡ, ನಿನ್ನ ಅಮ್ಮನೇ ಕಟ್ಟಿ ಕಳಿಸಲಿ ಎಂದರು. ನನ್ನ ಅಮ್ಮನಿಗೆ ಹೂ ಕಟ್ಟಲು ಬಾರದು! ದಿನವೂ ಹೂ ಕಳಿಸತೊಡಗಿದರೆ ಅವರು ಒಂದು ದಿನ ಮನೆಗೇ ಬಂದು ಅಮ್ಮನನ್ನು ಕಾಣದೆ ಇರುತ್ತಿರಲಿಲ್ಲ. “ಅಮ್ಮನಿಗೆ ಕೈನೋವು, ಇನ್ನು ಕಟ್ಟುವುದೇ ಇಲ್ಲ” ಎಂದುಬಿಟ್ಟೆ. ಪಾಪ, ಅವರು ನೋವಿಗೆಂದು ಎಣ್ಣೆ ಕೊಟ್ಟು ಕಳಿಸಿದರು. ಅಮ್ಮ ಆ ಶೀಸೆಯನ್ನು ತಿರುಗಿಸಿ ನೋಡಿ, “ನನಗೆ ಎಂತಕ್ಕೆ ಇದು?” ಎಂದು ಕೇಳಿದಾಗ ಅವಳಿಗೂ ಒಂದು ಸುಳ್ಳು ಹೇಳಿದೆ.

ಅದೇ ವಾರ ನೀವು ನನ್ನ ಸ್ಕೂಟರಿನ ಹ್ಯಾಂಡಲ್ ಹಿಡಿದು ನಿಲ್ಲಿಸಿದಿರಿ.

“ದಿನವೂ ತೆಗೆದುಕೊಳ್ಳುವವರು ಯಾರಾದರೂ ಇದ್ದರೆ ಹೇಳಿ ಮಾರಾಯ್ರೆ. ಇಲ್ಲದಿದ್ದರೆ ನಾನು ಕುವೈತಿಗೆ ಹೋಗ್ಬೇಕಾಗ್ತದೆ, ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಉಂಟಂತೆ. ಈ ಗಿಡಗಳನ್ನು ಬಿಟ್ಟು ಹೋಗಲಿಕ್ಕೆ ಮನಸ್ಸಿಲ್ಲ.”

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಜಲಜಕ್ಕ ಎಂದು ಒಂದು ಹೆಸರು ಹೇಳಿದ್ದರೆ — ಆದರೆ ಹೇಳಿದ್ದರೆ ನನ್ನ ಸುಳ್ಳು ಬಯಲಾಗುತ್ತಿತ್ತು. “ನೋಡುವ ಬಾಯಮ್ಮ” ಎಂದು ಸ್ಕೂಟರ್ ಚಾಲೂ ಮಾಡಿದೆ.

ನೀವು ಹೊರಡುವ ಮುಂಚಿನ ದಿನ ಕೊನೆಯ ಅಟ್ಟೆ ಕೊಟ್ಟಿರಿ, ಹಣ ತೆಗೆದುಕೊಳ್ಳಲಿಲ್ಲ. “ಇದು ಗಿರಾಕಿಗಲ್ಲ. ನಿಮ್ಮ ಅಮ್ಮನಿಗೆ” ಎಂದಿರಿ. ಅಮ್ಮ ಅದನ್ನು ಮುಡಿದು ಕನ್ನಡಿಯ ಮುಂದೆ ನಿಂತಳು. ನಾನು ಆ ಕೋಣೆಯಲ್ಲಿ ನಿಲ್ಲಲಾರದೆ ಹೊರಗೆ ಬಂದೆ. ಇಂದಿಗೂ ಆ ಪರಿಮಳ ಬಂದರೆ ನನಗೆ ನಾಚಿಕೆಯಾಗುತ್ತದೆ.

ಆರು ವರ್ಷದ ಮೇಲೆ ನೀವು ಮರಳಿದಿರಿ, ಅದೇ ಅಂಗಳದಲ್ಲಿ ಹೊಸ ಗಿಡ ನೆಟ್ಟಿದ್ದೀರಿ ಎಂದು ಕೇಳಿದೆ. ಎಂಥ ಛಲ ನಿಮ್ಮದು! ಕಳೆದ ಸೋಮವಾರ ಕಾರ್ಕಳಕ್ಕೆ ಹೋಗಿ ಜಲಜಕ್ಕನಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಕುಳಿತುಕೊ ಎಂದೂ ಹೇಳಲಿಲ್ಲ. ಒಂದೇ ಮಾತು ಕೇಳಿದರು.

“ಆ ಬಾಯಮ್ಮನ ಹೆಸರು ಎಂತ?”

ಸೆಲಿನ್ ಎಂದೆ. ಮೊದಲನೆಯ ಅಟ್ಟೆಯ ದಿನವೇ ಹೇಳಬೇಕಾಗಿದ್ದ ಹೆಸರು.

ಅವರು ನಿಮಗೆ ಫೋನ್ ಮಾಡಬಹುದು, ಮಾಡದೆಯೂ ಇರಬಹುದು. ಮಾಡಿದರೂ ಆ ಆರು ವರ್ಷ ನಿಮಗೆ ತಿರುಗಿ ಬರುವುದಿಲ್ಲ. ಈ ಕಾಗದ ತಲುಪಿದ ಮೇಲಿನ ಭಾನುವಾರ, ನೀವು ಇಗರ್ಜಿಯ ಪೂಜೆ ಮುಗಿಸಿ ಬರುವ ಹೊತ್ತಿಗೆ ನಿಮ್ಮ ಗೇಟಿನ ಹೊರಗೆ ನಿಂತಿರುತ್ತೇನೆ. ಹೂ ಕೊಟ್ಟು ಮನಸ್ಸು ಗೆಲ್ಲುವುದು ನನ್ನ ಕಸುಬು. ನಿಮ್ಮ ಮನೆಗೆ ಬರಿಗೈಯಲ್ಲಿ ಬರುತ್ತೇನೆ.