ಮಧ್ಯದ ಬಿಳಿ

ತೆರಕಣಾಂಬಿಯ ಗೌರಮ್ಮನೋರಿಗೆ ಬಾಣಂತನಕ್ಕೆ ಬರೋ ಮಗಳ ಕೋಣೆಗೆ ಬಿಳಿ ಬಣ್ಣವೇ ಬೇಕಿತ್ತು. ಅಂಗಡಿಯ ಬಣ್ಣದ ಕಾರ್ಡಿನಲ್ಲಿ ಮೂರು ಬಗೆಯ ಬಿಳಿ ಇದ್ದವು. ಮೂರನ್ನೂ ಗೋಡೆಗೆ ಬಳಿದು ತೋರಿಸು ಅಂದರು ನಮ್ಮ ಪೇಂಟ್ ಮೇಸ್ತ್ರಿ ರಫೀಕಣ್ಣ. ಇನ್ನೊಂದು ಸಲ ತರಲೆ ಮಾಡಿದ್ರೆ ಕೆಲಸಕ್ಕೆ ಬರಬೇಡ ಅಂತ ಮೊದಲೇ ಹೇಳಿದ್ದರು. ಆದರೂ ನಾನು ಒಂದೇ ಡಬ್ಬದಿಂದ ಮೂರು ಪಟ್ಟೆ ಬಳಿದೆ.

"ಮಧ್ಯದ್ದು ಹಾಲಿದ್ದಂಗದೆ ಕಣಪ್ಪ. ಎಡಗಡೇದು ಗಂಜಿ," ಅಂದರು ಗೌರಮ್ಮ.

"ಓಗ್ಲಾ, ಮಧ್ಯದ್ದೇ ಇನ್ನೊಂದು ಡಬ್ಬ ತಾ," ಅಂದರು ಮೇಸ್ತ್ರಿ.

ಬಸ್ಸಲ್ಲಿ ಗುಂಡ್ಲುಪೇಟೆಗೆ ಹೋಗಿ ಅದೇ ಬಣ್ಣ ತಂದೆ. ಮುಚ್ಚಳ ತೆಗೆದಿದ್ದೇ ತಡ ಗೌರಮ್ಮ, "ಇದು ಎಡಗಡೇದು ಕಣ್ಲಾ," ಅಂದರು. ಮೇಸ್ತ್ರಿಯೂ ಬಗ್ಗಿ ನೋಡಿ ಹೌದು ಅಂದರು. ನಿಜ ಹೇಳಿದರೆ ಕೆಲಸ ಹೋಗುತ್ತೆ. ನಾನೂ ಬಗ್ಗಿದೆ. ನನ್ನ ಕಣ್ಣಿಗೂ ಗಂಜಿಯೇ ಕಾಣಿಸಿತು.

ಡಬ್ಬ ಹೊತ್ಕೊಂಡು ಮತ್ತೆ ಅಂಗಡಿಗೆ ಹೋದೆ. ಏನಂತ ಕೇಳೋದೋ ಹೊಳೀಲಿಲ್ಲ. ಕೊನೆಗೆ, "ಮಧ್ಯದ್ದು ಕೊಡಣ್ಣ," ಅಂದೆ.